ತಲೆ ಮುಟ್ಟುವ ಹಕ್ಕು

ರೋಂಡಾ ಕ್ಯಾಗಲ್ ಪುಟ್ಟ ಹುಡುಗಿಯ ಕಿವಿಯ ಹಿಂದಿನ ಕೂದಲನ್ನು ಎರಡು ಐಸ್‌ಕ್ರೀಂ ಕಡ್ಡಿಗಳಿಂದ ಬಿಡಿಸಿ ಹಿಡಿದು, ಮೇಜಿನ ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಬಿಳಿಯ ಚುಕ್ಕೆಯೊಂದು ಕಂಡಿತು. ಕಡ್ಡಿಯ ತುದಿಯಿಂದ ಮೀಟಿದಳು. ಉದುರಿತು. ಬರೀ ಹೊಟ್ಟು. ಹೇನಿನ ಸೀರಾಗಿದ್ದರೆ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ, ಕೂದಲನ್ನು ಕಚ್ಚಿಕೊಂಡೇ ಇರುತ್ತಿತ್ತು.

"ಇದಾವಾ ಮಿಸ್ ರೋಂಡಾ?" ಹುಡುಗಿ ಉಸಿರು ಬಿಗಿಹಿಡಿದು ಕೇಳಿದಳು.

"ಒಂದೂ ಇಲ್ಲ ಬಂಗಾರ. ಮರಳು ಮಾತ್ರ ಬೇಕಾದಷ್ಟಿದೆ. ನಿನ್ನ ತಲೆ ಮೇಲೆ ಒಂದು ಆಟದ ಬಯಲು ಮಾಡಬಹುದು."

"ಹಂಗಾದ್ರೆ ಮನೆಗೆ ಕಳಿಸಲ್ವಾ?" ಹುಡುಗಿಯ ಮುಖ ಇಳಿದುಹೋಯಿತು.

ರೋಂಡಾ ನಕ್ಕು, ಅವಳ ಬೆನ್ನು ತಟ್ಟಲು ಹೋದ ಕೈಯನ್ನು ನಡುವೆಯೇ ನಿಲ್ಲಿಸಿ, ಬಾಗಿಲ ಕಡೆ ತೋರಿಸಿದಳು. ಈ ಮಗುವಿನ ಮನೆಯಿಂದ ಬಂದ ಒಪ್ಪಿಗೆ ಚೀಟಿ ತಲೆ ನೋಡುವುದಕ್ಕೆ ಮಾತ್ರ. ಬೆನ್ನು ತಟ್ಟುವುದಕ್ಕೆ ಪ್ರತ್ಯೇಕ ಚೀಟಿಯೇನೂ ಇರಲಿಲ್ಲ ನಿಜ, ಆದರೂ ಈ ವರ್ಷ ಕೈಗಳು ತಾವಾಗಿಯೇ ಅನುಮಾನಿಸಲು ಕಲಿತಿದ್ದವು.

ಮೊದಲೆಲ್ಲ ಶಾಲೆಗೆ ಹೇನು ಬಂದರೆ ಇಡೀ ತರಗತಿಯನ್ನು ಹಜಾರದಲ್ಲಿ ಸಾಲಾಗಿ ನಿಲ್ಲಿಸಿ ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದರು. ನ್ಯಾಶ್‌ವಿಲ್‌ನಲ್ಲಿ ರಾಜ್ಯದ ಶಾಸನಸಭೆ ತಂದೆತಾಯಿಗಳ ಹಕ್ಕಿನ ಕಾನೂನು ಮಾಡಿದ ಮೇಲೆ ಹಾಗಿಲ್ಲ. ಮಂಡಿ ತರಚಿದರೆ ಪಟ್ಟಿ ಅಂಟಿಸಲು, ಹಲ್ಲು ಅಲುಗಾಡಿದರೆ ಮುಟ್ಟಿ ನೋಡಲು, ಎಲ್ಲಕ್ಕೂ ಮನೆಯವರ ಒಪ್ಪಿಗೆ ಮೊದಲು ಬರಬೇಕು. ಕಾನೂನು ನಿಜವಾಗಿ ಎಲ್ಲಿಯವರೆಗೆ ಹೋಗುತ್ತದೆಂದು ಪ್ರಿನ್ಸಿಪಾಲರಿಗೂ ಪೂರ್ತಿ ತಿಳಿದಿರಲಿಲ್ಲ. ತಿಳಿಯದ ಕಾರಣಕ್ಕೆ ಎರಡರಷ್ಟು ಹೆದರಿ, ಎಲ್ಲಿಯೂ ಕೈ ಇಡಬೇಡಿ ಎಂದು ಹೇಳಿಬಿಟ್ಟಿದ್ದರು. ಶಾಲೆಯ ಆರೋಗ್ಯದ ಕೋಣೆಯಲ್ಲಿ ರೋಂಡಾ ನರ್ಸ್ ಕೂಡ ಅಲ್ಲ, ಸಹಾಯಕಿ. ನರ್ಸ್ ಬೆಟ್ಟದಾಚೆಯ ಶಾಲೆಗಳನ್ನೂ ನೋಡಿಕೊಂಡು ಪುರುಸೊತ್ತಾದಾಗ ಬರುತ್ತಿದ್ದಳು. ಉಳಿದಂತೆ ಈ ಕೋಣೆ, ಈ ದೀಪ, ಈ ಮಂಚ ಎಲ್ಲವೂ ರೋಂಡಾಳದೇ.

ಮೂರನೆಯ ತರಗತಿಯ ಚೀಟಿಗಳು ಬೆಳಿಗ್ಗೆ ಬಂದಿದ್ದವು. ಜೂನಿಯದೂ ಇತ್ತು. ಅವಳ ತಾಯಿ ಶಾನಾ 'ಬೇಡ' ಎಂಬುದರ ಅಡಿಯಲ್ಲಿ ಎರಡು ಸಲ ಗೆರೆ ಎಳೆದಿದ್ದಳು.

ಆ ತಲೆಯನ್ನು ರೋಂಡಾಳಷ್ಟು ಬಲ್ಲವರು ಯಾರೂ ಇರಲಿಲ್ಲ. ಜೂನಿಯ ತಂದೆ ಟ್ರ್ಯಾವಿಸ್ ಮಗುವನ್ನು ಎತ್ತಿಕೊಂಡು ರೋಂಡಾಳ ಜೊತೆ ಸಂಸಾರ ಹೂಡಲು ಅವಳ ಮನೆಗೆ ಬಂದಾಗ ಜೂನಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಶಾನಾ ಆಗ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು ಎಲ್ಲಿದ್ದಾಳೆಂದು ಅವಳಿಗೇ ತಿಳಿಯದ ಸ್ಥಿತಿಯಲ್ಲಿದ್ದಳು. ಸರಕಾರದವರು ಮಗುವನ್ನು ಅವಳಿಂದ ತೆಗೆದು ಟ್ರ್ಯಾವಿಸ್‌ಗೆ ಕೊಟ್ಟಿದ್ದರು, ಟ್ರ್ಯಾವಿಸ್ ಲಾರಿ ಹತ್ತಿ ದುಡಿಯಲು ಹೋಗುವಾಗ ರೋಂಡಾಳ ಕೈಗೆ ಕೊಟ್ಟ. ಸ್ವಂತ ಮಕ್ಕಳಿಲ್ಲದ ರೋಂಡಾ ಮೊದಲ ಸಲ ಆ ಗುಂಗುರು ಕೂದಲಿಗೆ ಬಾಚಣಿಗೆ ಹಾಕಿದಾಗ ಇಬ್ಬರೂ ಅತ್ತಿದ್ದರು. ಆಮೇಲೆ ಉಪಾಯ ಗೊತ್ತಾಯಿತು. ಪ್ರತಿ ಭಾನುವಾರ ಸಂಜೆ ಓವನ್ನಿನಲ್ಲಿ ಮೆಕ್ಕೆಜೋಳದ ರೊಟ್ಟಿ ಬೇಯುತ್ತಿರುವಾಗ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ತಲೆ ತುಂಬ ಕಂಡೀಷನರ್ ಮೆತ್ತಿ, ಕತ್ತಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬಿಡಿಸಿ ಬಾಚುವಳು. ಕಿವಿಯ ಹತ್ತಿರ ಬರುವಷ್ಟರಲ್ಲಿ ಮಗು ಹಿಂದಕ್ಕೆ ವಾಲಿ, ಅವಳ ಹೊಟ್ಟೆಗೆ ತಲೆ ಆನಿಸಿ ನಿದ್ದೆಹೋಗುತ್ತಿತ್ತು. ರೊಟ್ಟಿ ಎಷ್ಟೋ ಸಲ ಸೀದಿದೆ. ರೋಂಡಾ ಕದಲುತ್ತಿರಲಿಲ್ಲ.

ಹಾಗೆ ವರ್ಷಗಳು ಹೋದವು. ಶಾನಾ ಚಟ ಬಿಟ್ಟಳು, ಕೆಲಸ ಹಿಡಿದಳು, ಮನೆ ಮಾಡಿದಳು, ಕೋರ್ಟಿಗೆ ಹೋಗಿ ಮಗಳನ್ನು ಕೇಳಿದಳು. ಟ್ರ್ಯಾವಿಸ್ ಅಷ್ಟರಲ್ಲಿ ಟೆಕ್ಸಾಸಿನಲ್ಲಿ ಬೇರೊಬ್ಬಳ ಜೊತೆಗಿದ್ದ, ಇಲ್ಲವೆನ್ನಲಿಲ್ಲ. ರೋಂಡಾಳನ್ನು ಯಾರೂ ಏನೂ ಕೇಳಲಿಲ್ಲ. ಹೆತ್ತವಳಲ್ಲ, ಮದುವೆಯಾದವಳೂ ಅಲ್ಲ. ಒಳಗೆ ಮಾತು ನಡೆಯುವಷ್ಟು ಹೊತ್ತೂ ಅವಳು ಕೋರ್ಟಿನ ಹಜಾರದಲ್ಲಿ ಜೂನಿಯ ಕೆಂಪು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊರಗೆ ಬಂದ ಶಾನಾ ಆ ಕೋಟನ್ನು ತೆಗೆದುಕೊಂಡು, ಥ್ಯಾಂಕ್ಸ್ ಎಂದಳು. ಅದು ಮುನಿಸಿನ ಮಾತಲ್ಲ. ಮುನಿಸಿನದಾಗಿದ್ದರೆ ರೋಂಡಾಳಿಗೆ ಇನ್ನಷ್ಟು ಹಗುರವಾಗುತ್ತಿತ್ತೇನೋ.

ಬಾಗಿಲು ತಟ್ಟಿದ ಸದ್ದಾಯಿತು. ಟೀಚರ್ ಕೊಟ್ಟ ಪಾಸ್ ಹಿಡಿದುಕೊಂಡು ಜೂನಿ ನಿಂತಿದ್ದಳು.

"ಹೊಟ್ಟೆನೋವು."

"ಮೊನ್ನೆಯೂ ಹೊಟ್ಟೆನೋವೇ ಇತ್ತಲ್ಲ?"

"ಇದು ಬೇರೆ ಹೊಟ್ಟೆನೋವು, ಮಿಸ್ ರೋಂಡಾ." ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಬಾಗಿಲು ಮುಚ್ಚಿದ ಕೂಡಲೇ ಅವಳ ಬಾಯಲ್ಲಿ ಹಳೆಯ ಹೆಸರು ಬರುತ್ತಿತ್ತು. "ರೋರೋ, ತಲೆ ತುಂಬಾ ಕೆರೀತಿದೆ. ಇಲ್ಲಿ. ಕಿವಿ ಹಿಂದೆ. ನೋಡೇ."

ಹೇಳುತ್ತಲೇ ಅವಳು ಮಂಚದ ಮುಂದಿದ್ದ ಸ್ಟೂಲಿನ ಮೇಲೆ ರೋಂಡಾಳಿಗೆ ಬೆನ್ನು ಹಾಕಿ ಕೂತಳು. ಭಾನುವಾರ ಸಂಜೆ ಕೂತಂತೆಯೇ. ಕೂದಲು ಬೆಳೆದಿತ್ತು. ಯಾರೋ ಅವಸರದಲ್ಲಿ ಒಟ್ಟು ಮಾಡಿ ರಬ್ಬರ್ ಬ್ಯಾಂಡು ಹಾಕಿದ್ದರು, ಅಡಿಯಲ್ಲಿ ಗಂಟುಗಳು ಹಾಗೇ ಉಳಿದಿದ್ದವು. ರೋಂಡಾ ಎರಡೂ ಕೈಗಳನ್ನು ಮೇಲಂಗಿಯ ಜೇಬಿಗೆ ತುರುಕಿಕೊಂಡಳು.

"ನಾನು ನೋಡೋ ಹಾಗಿಲ್ಲ ಪುಟ್ಟಿ. ನಿಮ್ಮಮ್ಮ ಬೇಡ ಅಂದಿದಾರೆ."

"ಅಮ್ಮಂಗೆ ಹೇಳಲ್ಲ."

"ನಾನು ಹೇಳಬೇಕು. ಈಗ ನೀನು ಇಲ್ಲಿಗೆ ಬಂದೆ ಅಂತಾನೂ ಫೋನ್ ಮಾಡಬೇಕು."

ಜೂನಿ ತಿರುಗಿ ನೋಡಿದಳು. "ನೀನು ಮುಂಚೆ ಯಾರನ್ನೂ ಕೇಳ್ತಾನೇ ಇರಲಿಲ್ಲ."

ರೋಂಡಾ ಮೇಜಿನ ಕಡೆ ತಿರುಗಿದಳು. ಫೋನಿನ ಗುಂಡಿ ಒತ್ತಿದಳು. ಶಾನಾ ಪೇಟೆಯ ಹೊರಗಿನ ಕೋಳಿಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳನ್ನು ಕೆಲಸದ ಸಾಲಿನಿಂದ ಕರೆಸಲು ಮೇಲಿನವನೊಬ್ಬ ಗೊಣಗುವುದು ಈಚೆಗೂ ಕೇಳಿಸಿತು.

"ಏನಾಯ್ತು? ಬಿದ್ಲಾ?" ಶಾನಾಳ ಉಸಿರು ಏರಿತ್ತು.

"ಏನೂ ಆಗಿಲ್ಲ ಶಾನಾ. ತಲೆ ಕೆರ್ಕೋತಿದಾಳೆ. ತರಗತೀಲಿ ಹೇನು ಬಂದಿದೆ. ನೀವು ಹೂಂ ಅಂದ್ರೆ ಒಂದು ಸಲ ನೋಡಿ..."

"ಬೇಡ."

"ಎರಡೇ ನಿಮಿಷ."

"ಬೇಡ ಅಂತ ಬರೆದು ಕಳಿಸಿದೀನಲ್ಲ? ನನ್ನ ಮಗಳ ತಲೆ ಯಾರೂ ಮುಟ್ಟಬೇಡಿ. ನಾನೇ ಬರ್ತೀನಿ." ಫೋನ್ ಇಟ್ಟ ಸದ್ದು.

ಶಾಲೆಯ ಆಫೀಸು ನೋಡಿಕೊಳ್ಳುವ ವಾಂಡಾ ನಡುಬಾಗಿಲಿನಿಂದ ತಲೆ ತೂರಿಸಿದಳು. ಅವಳ ಕಿವಿಗೆ ಬೀಳದ ಫೋನು ಆ ಕಟ್ಟಡದಲ್ಲಿ ಇರಲಿಲ್ಲ.

"ಹೇನು ನೋಡೋಕೂ ನ್ಯಾಶ್‌ವಿಲ್‌ನ ಅಪ್ಪಣೆ! ಇನ್ನು ಮಕ್ಕಳು ಸೀನಿದ್ರೆ 'ದೇವರು ಒಳ್ಳೇದು ಮಾಡ್ಲಿ' ಅನ್ನೋಕೂ ಸಹಿ ತರಿಸಬೇಕಾಗುತ್ತೆ ನೋಡು." ಆಮೇಲೆ ರೋಂಡಾಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು. "ಲೇ, ನಾನು ಈ ಬಾಗಿಲು ಹಾಕ್ಕೊಂಡು ಹೋಗ್ತೀನಿ. ಅವಳು ಬರೋಕೆ ಇನ್ನೂ ಹೊತ್ತಿದೆ. ನೋಡಿಬಿಡು ಮಗೂನ. ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾದ್ರೆ?"

"ಆದ್ರೆ ಏನು, ಗಲ್ಲಿಗೆ ಹಾಕ್ತಾರಾ?"

ಗಲ್ಲಿಗೆ ಹಾಕುವುದಿಲ್ಲ. ಈ ಕೋಣೆಯಿಂದ ತೆಗೆಯುತ್ತಾರೆ. ಬೆಳಿಗ್ಗೆ ಬಸ್ಸಿನಿಂದ ಇಳಿಯುವ ಕೆಂಪು ಕೋಟು, ಊಟದ ಸಾಲಿನಲ್ಲಿ ಒಮ್ಮೆ ಇತ್ತ ತಿರುಗುವ ಮುಖ, ಬೇರೆ ಬೇರೆ ಹೊಟ್ಟೆನೋವುಗಳು, ರೋಂಡಾಳ ಪಾಲಿಗೆ ಉಳಿದಿರುವುದು ಅಷ್ಟೇ. ಅಷ್ಟನ್ನು ಎರಡು ನಿಮಿಷಕ್ಕೆ ಒತ್ತೆಯಿಡಲು ಅವಳಿಗೆ ಧೈರ್ಯವಾಗಲಿಲ್ಲ.

"ಬೇಡ ವಾಂಡಾ."

"ಸರಿ ತಾಯಿ. ಸಂಜೆ ಆಟಕ್ಕಾದ್ರೂ ಬರ್ತೀಯೋ ಇಲ್ವೋ? ನನ್ನ ಕಾರಲ್ಲೇ ಹೋಗೋಣ. ನಮ್ಮ ಹುಡುಗರು ಸೋಲೋದನ್ನ ಒಬ್ಬಳೇ ನೋಡೋಕೆ ನನ್ನ ಕೈಲಿ ಆಗಲ್ಲ." ಶುಕ್ರವಾರ ಸಂಜೆ ಇಡೀ ಊರು ಹೈಸ್ಕೂಲಿನ ಫುಟ್‌ಬಾಲ್ ಮೈದಾನದಲ್ಲಿ ಇರುತ್ತಿತ್ತು. ಬರುತ್ತೇನೆ ಎಂದಳು ರೋಂಡಾ.

ಶಾನಾ ಬಂದಾಗ ರಬ್ಬರ್ ಬೂಟಿನಲ್ಲೇ ಇದ್ದಳು. ತಲೆಯ ಬಲೆಟೋಪಿಯ ಗುರುತು ಹಣೆಯ ಮೇಲೆ ಕೆಂಪು ಗೆರೆಯಾಗಿತ್ತು, ಮೈಯಿಂದ ಬ್ಲೀಚಿನ ವಾಸನೆ ಬರುತ್ತಿತ್ತು. ತೆಳ್ಳಗಿನ ಹೆಂಗಸು. ಕೋಣೆಯೊಳಗೆ ಬರುವ ಮೊದಲು ಎಲ್ಲ ಮೂಲೆಗಳನ್ನೂ ಒಮ್ಮೆ ನೋಡಿದಳು.

"ಯಾರೂ ಮುಟ್ಟಿಲ್ಲ ತಾನೇ?"

"ಇಲ್ಲ," ಎಂದಳು ರೋಂಡಾ.

"ಮುಟ್ಟು ಅಂದ್ರೂ ಮುಟ್ಟಲಿಲ್ಲ," ಎಂದಳು ಜೂನಿ.

ಶಾನಾ ಮಗಳ ರಬ್ಬರ್ ಬ್ಯಾಂಡು ಎಳೆದಳು. ಜೂನಿ "ಆ!" ಎಂದಳು. ದೀಪದ ಬೆಳಕಿಗೆ ಕೂದಲು ಸರಿಸಿದಳು ಶಾನಾ. ಎರಡು ಹೆಜ್ಜೆ ದೂರದಿಂದಲೇ ರೋಂಡಾಳಿಗೆ ಕಂಡಿತು. ಎಳ್ಳಿನಷ್ಟು ಗಾತ್ರದ್ದೊಂದು, ಬೆಳಕಿಗೆ ಬೆದರಿ ಸರಸರ ಒಳಗೆ ಓಡಿತು. ಶಾನಾಳಿಗೂ ಕಂಡಿತು. ಅವಳ ಕೈ ನಿಂತಿತು.

"ಮೊದಲು ಬರೆದದ್ದೇ ಇದು," ಎಂದಳು, ಯಾರ ಮುಖವನ್ನೂ ನೋಡದೆ. "ಅವತ್ತು ಸರಕಾರದ ಹೆಂಗಸು ಮನೆಗೆ ಬಂದಾಗ. ಮಗುವಿನ ತಲೇಲಿ ಹೇನು ಇದಾವೆ. ಮಿಕ್ಕಿದ್ದೆಲ್ಲ ಆಮೇಲೆ ಬರೆದ್ಲು. ನನ್ನನ್ನ ಕೇಳಲಿಲ್ಲ. ನನ್ನ ಮಗೂನ ನನ್ನ ಕಣ್ಣ ಮುಂದೇನೇ ತಿರುಗಿಸಿ ತಿರುಗಿಸಿ ನೋಡಿದ್ರು, ಸಂತೇಲಿ ಕುರಿ ನೋಡಿದ ಹಾಗೆ. ಈ ಕಾನೂನನ್ನ ನೀವೆಲ್ಲ ಆಡಿಕೊಂಡು ನಗ್ತೀರಿ ಅಂತ ಗೊತ್ತು ನಂಗೆ. ಆದ್ರೆ ಯಾವುದಕ್ಕಾದ್ರೂ ಮೊದಲು ನನ್ನನ್ನ ಕೇಳಬೇಕು ಅಂತ ಇದೇ ಮೊದಲ ಸಲ ಯಾರೋ ಹೇಳಿರೋದು."

ಈ ಹೆಂಗಸನ್ನು ದ್ವೇಷಿಸಲು ರೋಂಡಾ ಬಹಳ ದಿನ ಪ್ರಯತ್ನಪಟ್ಟಿದ್ದಳು. ಕೈಗೂಡಿರಲಿಲ್ಲ.

"ಇವತ್ತು ಯಾರೂ ಏನೂ ಬರೆಯಲ್ಲ ಶಾನಾ," ಎಂದಳು. "ತರಗತೀಲಿ ಅರ್ಧ ಮಕ್ಕಳಿಗೆ ಇದಾವೆ. ಪಾದ್ರಿ ಮಗಳ ತಲೇಲೂ ಇದಾವೆ. ದೊಡ್ಡ ದೊಡ್ಡವು."

ಶಾನಾಳ ತುಟಿಯ ಒಂದು ತುದಿ ಅಲುಗಿತು. "ಪಾದ್ರಿ ಮಗಳಿಗಾ?"

"ಪ್ರಾರ್ಥನೆಗೂ ಬಗ್ಗಲ್ಲ ಅವು." ರೋಂಡಾ ಕಪಾಟು ತೆರೆದಳು. "ಕೂದಲು ದಟ್ಟ ಇದೆ. ಪ್ಲಾಸ್ಟಿಕ್ಕಿನ ಹಣಿಗೆ ಮುರಿದುಹೋಗುತ್ತೆ. ಇದು ತಗೊಳ್ಳಿ." ಉಕ್ಕಿನ ಸೀರಣಿಗೆಯನ್ನೂ ಕಂಡೀಷನರ್ ಬಾಟಲಿಯನ್ನೂ ಮೇಜಿನ ಮೇಲಿಟ್ಟು, ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಆ ಸೀರಣಿಗೆ ಶಾಲೆಯದಲ್ಲ, ಅವಳ ಮನೆಯದು. ಭಾನುವಾರಗಳದು.

ಶಾನಾ ಮೇಲಿನಿಂದ ಬಾಚತೊಡಗಿದಳು. ಸೀರಣಿಗೆ ಸಿಕ್ಕಿಹಾಕಿಕೊಂಡಿತು. ಎಳೆದಳು. ಜೂನಿ ಸ್ಟೂಲಿನಿಂದ ಅರ್ಧ ಎದ್ದುಬಿಟ್ಟಳು.

"ಕತ್ತಿನಿಂದ ಶುರುಮಾಡಿ," ಎಂದಳು ರೋಂಡಾ. "ಮೇಲಿನದನ್ನ ಎತ್ತಿ ಕ್ಲಿಪ್ ಹಾಕಿಬಿಡಿ. ಒಂದು ಬೆರಳಷ್ಟೇ ಅಗಲ ಬಿಡಿಸ್ಕೊಳ್ಳಿ."

ಶಾನಾ ಹಾಗೆಯೇ ಮಾಡಿದಳು. ಆದರೆ ಬೆಳಿಗ್ಗೆಯಿಂದ ತಣ್ಣನೆಯ ಮಾಂಸ ಕೊಯ್ದು ಅವಳ ಬೆರಳುಗಳು ಸೆಟೆದಿದ್ದವು, ಹಿಡಿತ ಸಡಿಲವಾಗಲಿಲ್ಲ. ಮತ್ತೆ ಸಿಕ್ಕು, ಮತ್ತೆ ಎಳೆತ. ಜೂನಿಯ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ರೋರೋ ಮಾಡಿದ್ರೆ ನೋಯಲ್ಲ," ಎಂದಳು.

ಹೊರಗೆ ಯಾವುದೋ ತರಗತಿ ಒಟ್ಟಾಗಿ ಮಗ್ಗಿ ಹೇಳುತ್ತಿತ್ತು. ಶಾನಾ ಬಹಳ ಹೊತ್ತು ಸೀರಣಿಗೆಯನ್ನೇ ನೋಡಿದಳು. ಆಮೇಲೆ ಅದನ್ನು ರೋಂಡಾಳ ಕಡೆ ಚಾಚಿದಳು.

"ತಗೊಳ್ಳಿ. ನೀವೇ ಮಾಡಿ. ನಾನು ಹೂಂ ಅಂದ್ರೆ ಆಯ್ತಲ್ಲ? ಅಷ್ಟೇ ತಾನೇ ಕಾನೂನು? ಹೂಂ ಅಂತಿದೀನಿ."

ರೋಂಡಾಳ ಕೈ ಜೇಬಿನಿಂದ ಹೊರಗೆ ಬಂದುಬಿಟ್ಟಿತ್ತು. ಜೂನಿ ಆಗಲೇ ಬೆನ್ನು ನೆಟ್ಟಗೆ ಮಾಡಿ, ಕತ್ತು ಬಾಗಿಸಿ ಕಾಯುತ್ತಿದ್ದಳು. ಕತ್ತಿನ ಕುಳಿಯಲ್ಲಿ ಆ ಸಣ್ಣ ಸುರುಳಿ, ಯಾವ ಕ್ಲಿಪ್ಪಿಗೂ ಸಿಗದೆ ಯಾವಾಗಲೂ ತಪ್ಪಿಸಿಕೊಳ್ಳುತ್ತಿದ್ದುದು, ಇನ್ನೂ ಅಲ್ಲೇ ಇತ್ತು. ಒಂದೇ ಹೆಜ್ಜೆ ಸಾಕಿತ್ತು. ಅವಳು ತಲೆ ಎತ್ತಿದಳು. ಶಾನಾಳ ಮುಖ ಕಂಡಿತು. ಮಗಳನ್ನು ಇನ್ನೊಮ್ಮೆ ಯಾರಿಗೋ ಒಪ್ಪಿಸುತ್ತಿರುವವಳ ಮುಖ, ಈ ಸಲ ತನ್ನ ಕೈಯಾರೆ. ಮಗು ಇನ್ನು ಮುಂದೆ ನೋವಾದಾಗಲೆಲ್ಲ ಈ ಮಾತನ್ನೇ ಹೇಳುತ್ತದೆ, ಆ ಮುಖ ಪ್ರತಿ ಸಲವೂ ಹೀಗೇ ಆಗುತ್ತದೆ.

"ಇಲ್ಲ," ಎಂದಳು ರೋಂಡಾ. ಅವಳ ದನಿ ಅವಳಿಗೇ ಬೇರೆಯವರದೆನಿಸಿತು. "ನೀವು ಚೆನ್ನಾಗೇ ಮಾಡ್ತಿದೀರಿ. ಎಷ್ಟು ಒತ್ತಬೇಕು ಅನ್ನೋದು ಗೊತ್ತಾಗ್ತಿಲ್ಲ, ಅಷ್ಟೇ. ಅದು ಹೇಳಿದ್ರೆ ಬರಲ್ಲ. ನನ್ನ ತಲೆ ಮೇಲೆ ಮಾಡಿ ನೋಡಿ."

"ನಿಮ್ಮ ತಲೆಗಾ?"

ರೋಂಡಾ ಕುರ್ಚಿ ಎಳೆದುಕೊಂಡು ಜೂನಿಯ ಪಕ್ಕದಲ್ಲೇ ಕೂತು ತನ್ನ ಜಡೆಯ ಪಿನ್ನುಗಳನ್ನು ತೆಗೆಯತೊಡಗಿದಳು. ನರೆ ಬೆರೆತ ಕೂದಲು ಭುಜದ ಮೇಲೆ ಬಿತ್ತು.

"ಒಪ್ಪಿಗೆ ಚೀಟಿ ಬೇಡ್ವಾ?" ಎಂದಳು ಶಾನಾ. ತಮಾಷೆಯೋ ಅಲ್ಲವೋ ಅವಳಿಗೇ ಖಾತ್ರಿಯಿದ್ದಂತಿರಲಿಲ್ಲ.

"ನನ್ನ ಪರವಾಗಿ ಸಹಿ ಹಾಕೋರು ಯಾರೂ ಉಳಿದಿಲ್ಲ ಕಣಮ್ಮ. ಧೈರ್ಯವಾಗಿ ಮಾಡಿ."

ಜೂನಿ ಕಿಲಕ್ಕನೆ ನಕ್ಕಳು.

ಒಬ್ಬರ ತಲೆಗೆ ಹಾಕಿದ ಹಣಿಗೆಯನ್ನು ಕುದಿನೀರಿನಲ್ಲಿ ಅದ್ದದೆ ಇನ್ನೊಬ್ಬರ ತಲೆಗೆ ಹಾಕಬಾರದು. ಈ ಮಾತನ್ನು ಪ್ರತಿ ವರ್ಷ ಎಲ್ಲ ತಾಯಂದಿರಿಗೂ ಬೇಸರ ಬರುವಷ್ಟು ಸಲ ಹೇಳುವವಳು ರೋಂಡಾ. ಆ ಗಳಿಗೆಯಲ್ಲಿ ನೆನಪಾಗಲಿಲ್ಲ ಎಂದುಕೊಳ್ಳಬಹುದಿತ್ತು. ನೆನಪಾಗಿತ್ತು. ಜೂನಿಯ ತಲೆಯಿಂದ ಈಗಷ್ಟೇ ಬಂದ ಉಕ್ಕಿನ ಹಲ್ಲುಗಳು ತನ್ನ ಕತ್ತಿಗೆ ತಗುಲಿದಾಗ ಅವಳು ಕಣ್ಣು ಮುಚ್ಚಿಕೊಂಡಳು.

"ಇದು ಜಾಸ್ತಿ," ಎಂದಳು. "ಇನ್ನೂ ಹಗುರ. ಬುಡ ಎಡಗೈಲಿ ಹಿಡಿದುಕೊಳ್ಳಿ, ಎಳೆದ್ರೂ ಚರ್ಮಕ್ಕೆ ತಿಳೀಬಾರದು. ಹಾಂ. ಈಗ ಸರಿ. ಈಗ ಕಿವಿ ಹಿಂದೆ, ನಿಧಾನಕ್ಕೆ. ಇದೇ, ಇದೇ ಇವಳಿಗೆ ಇಷ್ಟ."

ಯಾರಾದರೂ ತನ್ನ ತಲೆ ಬಾಚಿ ಎಷ್ಟು ಕಾಲವಾಯಿತೆಂದು ನೆನಪಿಸಿಕೊಳ್ಳಲು ನೋಡಿದಳು. ತಾಯಿ ಬದುಕಿದ್ದಾಗ ಇರಬೇಕು. ಹಾಗಾದರೆ ಭಾನುವಾರ ಸಂಜೆಗಳಲ್ಲಿ ಜೂನಿಗೆ ಹೀಗನ್ನಿಸುತ್ತಿತ್ತು, ಅಂದುಕೊಂಡಳು. ಇಷ್ಟು ವರ್ಷ ಬಾಚಿದರೂ ಇದು ತನಗೆ ತಿಳಿದಿರಲಿಲ್ಲ.

"ಈಗ ಅವಳಿಗೆ ಮಾಡಿ," ಎಂದು ಎದ್ದಳು.

ಈ ಸಲ ಜೂನಿ ಕದಲಲಿಲ್ಲ. ಶಾನಾ ಹಲ್ಲು ಕಚ್ಚಿಕೊಂಡು, ಬೆರಳಗಲದ ಎಳೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಕಾಗದದ ವಸ್ತ್ರಕ್ಕೆ ಸೀರಣಿಗೆ ಒರೆಸುತ್ತ ಹೋದಳು. ಕೂರೆ, ಸೀರು, ಹೇನು, ಬಿಳಿಯ ನೊರೆಯಲ್ಲಿ ಒಂದೊಂದೇ ಹೊರಬಂದವು. ಕಿವಿಯ ಹತ್ತಿರ ಬಂದಾಗ ಜೂನಿಯ ಕಣ್ಣು ಎಳೆಯಿತು. ತಲೆ ಮೆಲ್ಲಗೆ ಹಿಂದಕ್ಕೆ ವಾಲಿ, ಶಾನಾಳ ಹೊಟ್ಟೆಗೆ ಆನಿಕೊಂಡಿತು. ಶಾನಾ ಬೆಚ್ಚಿ ರೋಂಡಾಳನ್ನು ನೋಡಿದಳು.

"ನಿದ್ದೆ ಬಂತಾ ಇವಳಿಗೆ?" ಪಿಸುದನಿಯಲ್ಲಿ ಕೇಳಿದಳು. "ಮನೇಲಿ ನಿದ್ದೇನೇ ಮಾಡಲ್ಲ ಇವಳು."

"ಹಾಗೇ ಇರಿ," ಎಂದಳು ರೋಂಡಾ. "ಕದಲಬೇಡಿ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿ, ತನ್ನ ಕೂದಲಿಗೆ ಒಂದೊಂದೇ ಪಿನ್ನು ಸಿಕ್ಕಿಸತೊಡಗಿದಳು. ಒಂದು ಪಿನ್ನು ಎರಡು ಸಲ ಕೆಳಗೆ ಬಿತ್ತು.

ಹೊರಡುವಾಗ ಶಾನಾ ಸೀರಣಿಗೆಯನ್ನು ಹಿಂದಕ್ಕೆ ಕೊಡಲು ಬಂದಳು. ಇಟ್ಟುಕೊಳ್ಳಿ, ವಾರಕ್ಕೊಮ್ಮೆ ಬೇಕಾಗುತ್ತದೆ ಎಂದಳು ರೋಂಡಾ. ಭಾನುವಾರ ಸಂಜೆ ಒಳ್ಳೆಯ ಹೊತ್ತು ಎಂದೂ ಹೇಳಿದಳು. ಕೆಂಪು ಕೋಟು ತೊಟ್ಟ ಜೂನಿ ನಿದ್ದೆಗಣ್ಣಿನಲ್ಲೇ "ಬರ್ತೀನಿ ಮಿಸ್ ರೋಂಡಾ" ಎಂದಳು. ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಆದರೂ ರೋರೋ ಎನ್ನಲಿಲ್ಲ.

ಶಾಲೆ ಬಿಟ್ಟ ಮೇಲೆ ವಾಂಡಾ ಕಾರಿನ ಬೀಗದ ಕೈ ಆಡಿಸುತ್ತ ಬಂದಳು. "ಹೊರಡೋಣ್ವಾ? ಒಳ್ಳೆ ಜಾಗ ಸಿಗಲ್ಲ ಆಮೇಲೆ."

"ನೀನು ಹೋಗು ವಾಂಡಾ. ತಲೆನೋವು."

"ಆಟ ನೋಡಿದ ಮೇಲೆ ಬರಬೇಕಾದ ತಲೆನೋವು ಈಗಲೇ ಬಂತಾ? ಸರಿ, ಭಾನುವಾರ ಚರ್ಚಲ್ಲಿ ಸಿಗ್ತೀಯಲ್ಲ. ಅಲ್ಲಿನ ಊಟಕ್ಕೆ ಏನು ಮಾಡ್ಕೊಂಡು ಬರ್ತೀಯಾ?"

"ನೋಡೋಣ," ಎಂದಳು ರೋಂಡಾ.

ಖಾಲಿಯಾದ ಬಯಲಿನಲ್ಲಿ ಅವಳ ಕಾರೊಂದೇ ಉಳಿಯಿತು. ಒಳಗೆ ಕೂತು ಬೀಗದ ಕೈ ತಿರುಗಿಸುವ ಮೊದಲು, ಎಡಗಿವಿಯ ಹಿಂದೆ ಏನೋ ಸರಿದಂತಾಯಿತು. ಕೂದಲಿನ ಎಳೆ ಇರಬಹುದು. ಬರೀ ಭ್ರಮೆಯೂ ಇರಬಹುದು. ದಿನವಿಡೀ ಹೇನು ನೋಡಿದವರಿಗೆ ಮೈಯೆಲ್ಲ ಹರಿದಾಡಿದಂತಾಗುವುದು ಹೊಸದಲ್ಲ. ಕಪಾಟಿನಲ್ಲಿ ಔಷಧಿ ಇತ್ತು, ಪ್ಲಾಸ್ಟಿಕ್ಕಿನ ಹಣಿಗೆಗಳಿದ್ದವು, ಕನ್ನಡಿಯೂ ಇತ್ತು. ಒಳಗೆ ಹೋಗಿ ನೋಡಿಕೊಂಡರೆ ತಿಳಿದುಬಿಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅವಳೇ ಗದರಿ ನೋಡಿಕೊಳ್ಳುವಂತೆ ಮಾಡುತ್ತಿದ್ದಳು.

ಕೈ ಎತ್ತಿದಳು. ಕಿವಿಯ ಹಿಂದೆ ಬೆರಳಿಟ್ಟು, ಕೆರೆಯದೆ, ಹಾಗೇ ಹಿಡಿದುಕೊಂಡಳು. ಆಟದ ಮೈದಾನದ ಕಡೆಯಿಂದ ಬ್ಯಾಂಡಿನವರು ಡೋಲು ಹದಮಾಡಿಕೊಳ್ಳುವುದು ಕೇಳುತ್ತಿತ್ತು.

ಚರ್ಚಿಗೆ ಹೋಗುವಂತಿಲ್ಲ, ಅಲ್ಲಿ ಎಲ್ಲರೂ ಬಂದು ತಬ್ಬಿಕೊಳ್ಳುತ್ತಾರೆ. ವಾರದ ಕೊನೆಗೆ ಬರುವ ತಂಗಿಗೂ ಈ ಸಲ ಬರಬೇಡವೆಂದು ಏನಾದರೂ ನೆಪ ಹೇಳಬೇಕು. ದಿಂಬಿನ ಹೊದಿಕೆಯನ್ನು ಆಮೇಲೆ ಬಿಸಿನೀರಿಗೆ ಹಾಕಿದರಾಯಿತು. ಭಾನುವಾರ ಸಂಜೆ, ರೊಟ್ಟಿ ಓವನ್ನಿಗೆ ಇಟ್ಟ ಮೇಲೆ ನೋಡಿಕೊಳ್ಳುವುದು. ಜೂನಿಯ ತಲೆಯಿಂದ ಬಂದದ್ದು, ಅಲ್ಲಿಯವರೆಗೆ ಇರಲಿ.

ಕೈ ಇಳಿಸಿ ಕಾರು ಚಾಲೂ ಮಾಡಿದಳು.